ಶೇಂಗಾ ಪರೀಕ್ಷೆ ಪಾಸಾದ ಓವರ್‌ಡ್ರೈವ್

ಗಿಟಾರಿನಿಂದ ಹೊರಡುವ ಒಳ್ಳೆಯ ನಾದವನ್ನು ಬೇಕೆಂದೇ ಕೆಡಿಸುವುದಕ್ಕೆ ಒಂದು ಲೋಹದ ಪೆಟ್ಟಿಗೆ ಇದೆ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಅದನ್ನು ನೆಲದ ಮೇಲಿಟ್ಟು ಕಾಲಿನಿಂದ ಒತ್ತಿದರೆ, ಅಲ್ಲಿಯವರೆಗೆ ಸಭ್ಯವಾಗಿದ್ದ ತಂತಿ ಗೂಳಿಯಂತೆ ಗುಟುರು ಹಾಕುತ್ತದೆ. ಓವರ್‌ಡ್ರೈವ್ ಪೆಡಲ್ ಎಂದು ಅದರ ಹೆಸರು. ಅವ್ವನಿಗೆ ಇದನ್ನು ವಿವರಿಸಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಕೆಡ್ಸಾಕೆ ಪೆಟ್ಟಿಗೆ ಯಾಕಲೇ, ನಿನ್ ಕೈ ಸಾಲ್ದೇನು?" ಎಂದಿದ್ದಳು. ಆ ವಿಷಯದಲ್ಲಿ ನನ್ನ ಕಿವಿಗೆ ಬಿದ್ದ ತಿಳಿವಳಿಕೆಯ ಮಾತು ಅದೊಂದೇ. ಉಳಿದದ್ದನ್ನು ನೆನೆದರೆ ಇವತ್ತಿಗೂ ಹೇಸಿಗೆಯಾಗುತ್ತದೆ.

ತೊಂಬತ್ತರ ದಶಕದ ಕೊನೆ. ಚಳ್ಳಕೆರೆಯ ಒಂದು ಆರ್ಕೆಸ್ಟ್ರಾದಲ್ಲಿ ನಾನು ಗಿಟಾರ್ ಬಾರಿಸುತ್ತಿದ್ದೆ. ಅದರ ಯಜಮಾನರು ಹಗಲಲ್ಲಿ ಶೇಂಗಾ ಮಂಡಿಯ ದಲ್ಲಾಳಿ, ಸಂಜೆ ಕಲಾಪೋಷಕರು. ಎರಡಕ್ಕೂ ಅದೇ ಬಿಳಿ ಅಂಗಿ, ಅದೇ ಧ್ವನಿ. ಗಣೇಶನ ಹಬ್ಬಕ್ಕೆ ಮೊಳಕಾಲ್ಮೂರಿನ ನೇಕಾರರ ಬೀದಿಯವರು ನಮ್ಮನ್ನು ಕರೆದಿದ್ದರು. ಅವರು ಕೇಳಿದ ಒಂದು ಸಿನಿಮಾ ಹಾಡಿನ ನಡುವೆ ಗುಟುರು ಹಾಕುವ ಗಿಟಾರಿನ ತುಣುಕಿತ್ತು. ನನ್ನ ಬಳಿ ಪೆಡಲ್ ಇರಲಿಲ್ಲ. ನಾನು ಬಾರಿಸಿದರೆ ಅದು ಶಾಲೆಯ ಪ್ರಾರ್ಥನೆಯಂತೆ ಕೇಳುತ್ತಿತ್ತು. ನಮ್ಮ ಕೀಬೋರ್ಡಿನವನು ಒಂದು ಗುಂಡಿ ಒತ್ತಿ, ಅದೇ ತುಣುಕನ್ನು ಗುಟುರಿನ ಸಮೇತ ನುಡಿಸಿ ತೋರಿಸಿದ.

"ಲೇ ಗಿಟಾರು," ಎಂದರು ಯಜಮಾನರು, "ಅದು ಒಂದ್ ಗುಂಡೀಲಿ ಬರ್ತೈತೆ. ನಿನ್ನನ್ಯಾಕೆ ವ್ಯಾನ್‌ನಾಗೆ ಕೂರುಸ್ಕಂಡ್ ಹೋಗ್ಲಿ?"

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಹಬ್ಬದೊಳಗೆ ನನ್ನ ಗಿಟಾರಿನಿಂದ ಗುಟುರು ಹೊರಡಬೇಕು, ಇಲ್ಲವಾದರೆ ನನ್ನ ಜಾಗದಲ್ಲಿ ಇನ್ನೊಂದು ಸ್ಪೀಕರ್ ಕೂರುತ್ತದೆ ಎಂದು ತೀರ್ಮಾನವಾಯಿತು.

ಪೇಟೆಯಲ್ಲಿ ರೇಡಿಯೋ, ಮೈಕ್‌ಸೆಟ್ ರಿಪೇರಿ ಮಾಡುವ ಸಾಬರೊಬ್ಬರಿದ್ದರು. ದಾವಣಗೆರೆಯಲ್ಲಿ ಮುಚ್ಚಿಹೋದ ಒಂದು ಆರ್ಕೆಸ್ಟ್ರಾದ ಸಾಮಾನನ್ನು ಅವರು ಕೊಂಡು ತಂದಿದ್ದರು. ಅದರಲ್ಲಿ ಎರಡು ಪೆಡಲ್‌ಗಳಿದ್ದವು, ನೀಲಿಯದೊಂದು, ಕೆಂಪಿನದೊಂದು. ಇಡೀ ಮಧ್ಯಾಹ್ನ ಅವರ ಸ್ಟೂಲಿನ ಮೇಲೆ ಕೂತು ಎರಡನ್ನೂ ಬಾರಿಸಿ ನೋಡಿದೆ. ನೀಲಿಯದು ಮೆತ್ತಗೆ ಮೀಟಿದರೆ ಗೊಣಗುತ್ತಿತ್ತು, ಜೋರಾಗಿ ಮೀಟಿದರೆ ಗರ್ಜಿಸುತ್ತಿತ್ತು. ಬೆರಳಿನ ಮರ್ಜಿ ಅದಕ್ಕೆ ತಿಳಿಯುತ್ತಿತ್ತು. ಕೆಂಪಿನದು ಒಮ್ಮೆ ಗರ್ಜಿಸಿದರೆ ಇನ್ನೊಮ್ಮೆ ಕೆಮ್ಮುತ್ತಿತ್ತು.

"ನೀಲಿದು ತಗೋ ಬೇಟಾ," ಎಂದರು ಸಾಬರು. "ಇದರ ದಿಲ್ ಸಾಫ್ ಐತೆ."

ಆದರೆ ಕೊಳ್ಳುವವರು ಯಜಮಾನರು. ಕೊಳ್ಳುವವನು ಮಾಲನ್ನು ಕೈಯಲ್ಲಿ ಹಿಡಿಯದೆ ನಮ್ಮೂರಿನಲ್ಲಿ ಯಾವ ವ್ಯಾಪಾರವೂ ಕುದುರುವುದಿಲ್ಲ. ಮಂಡಿಯಿಂದ ನೇರ ಬಂದರು, ತೋಳಿನ ಮೇಲೆಲ್ಲ ಶೇಂಗಾ ಧೂಳು. ನಾನು ಗಿಟಾರ್ ಎತ್ತಿಕೊಂಡೆ. ಅವರು ಕೈ ಅಡ್ಡ ಹಿಡಿದು ತಡೆದರು. ನೀಲಿ ಪೆಡಲನ್ನು ಅಂಗೈಯಲ್ಲಿ ತೂಗಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ಮುಖ ಸಪ್ಪಗಾಯಿತು. ಕೆಂಪಿನದನ್ನು ಎತ್ತಿ ಅಲ್ಲಾಡಿಸಿದರು. ಒಳಗೆ ಗಿಲಗಿಲ ಎಂದಿತು. ಮುಖ ಅರಳಿತು.

ಮಂಡಿಗೆ ಚೀಲ ಬಂದಾಗ ಮೊದಲು ನಡೆಯುವ ವಿಧಿ ಇದು. ಕಾಯಿ ಗಿಲಗಿಲ ಎಂದರೆ ಬೀಜ ಒಣಗಿ ಸಿಪ್ಪೆ ಬಿಟ್ಟಿದೆ, ಎಣ್ಣೆ ಮಿಲ್ಲಿಗೆ ಯೋಗ್ಯ. ಸದ್ದಿಲ್ಲದಿದ್ದರೆ ಹಸಿ. ಯಜಮಾನರ ಕಿವಿ ಜೀವಮಾನದಲ್ಲಿ ಒಮ್ಮೆಯೂ ತಪ್ಪಿರಲಿಲ್ಲವೆಂದು ಮಂಡಿಯಲ್ಲಿ ಖ್ಯಾತಿಯಿತ್ತು.

"ನೀಲಿದು ಹಸಿ ಐತೆ," ತೀರ್ಪು ಹೊರಬಿತ್ತು. "ಇದು ನೋಡು, ಒಣಗಿದ ಮಾಲು."

"ಅಣ್ಣಾ, ಬಾರ್ಸಿ ತೋರಿಸ್ತೀನಿ, ಒಂದ್ಸಲ ಕೇಳ್ರಿ..."

"ಈಗ ಕೇಳಿದ್ನಲ್ಲಲೇ!"

"ಸೇಠ್, ಒಳಗೆ ಏನೋ ಢೀಲಾ ಆಗೈತೆ," ಎಂದರು ಸಾಬರು. "ಬಿಚ್ಚಿ ಟೈಟ್ ಮಾಡ್ಕೊಡ್ತೀನಿ."

"ಬಿಚ್ಚಿದ್ ಮಾಲು ಯಾವನಿಗೆ ಬೇಕ್ರಿ ಸಾಬ್ರೇ? ಒಳ್ಳೇದನ್ನ ನೀವ್ ಇಟ್ಕಂಬಾಕೆ ನೋಡ್ತೀರಾ?"

ಸಾಬರು ಸ್ಕ್ರೂಡ್ರೈವರನ್ನು ಡಬ್ಬಿಗೆ ಹಾಕಿದರು. ವ್ಯಾನಿನ ಸೀಟು ಕಣ್ಣಮುಂದೆ ಬಂದು ನಾನೂ ಗಿಟಾರನ್ನು ಚೀಲಕ್ಕೆ ತುರುಕಿದೆ. ಯಜಮಾನರು ಪೆಡಲನ್ನು ಒಯ್ದು ಹಬ್ಬದವರೆಗೂ ಮನೆಯ ಬೀರುವಿನಲ್ಲಿ ಬೀಗ ಹಾಕಿಟ್ಟರು.

ಹಬ್ಬದ ಸಂಜೆ ಮೊಳಕಾಲ್ಮೂರಿನಲ್ಲಿ ಮಗ್ಗಗಳೆಲ್ಲ ನಿಂತು ಬೀದಿಗೆ ಬೀದಿಯೇ ವೇದಿಕೆಯ ಮುಂದೆ ಕೂತಿತ್ತು. ಹಾಡು ಆ ತುಣುಕಿನವರೆಗೆ ಬಂತು. ನಾನು ಮುಂದೆ ಬಂದು ಪೆಡಲ್ ಒತ್ತಿದೆ. ಗುಟುರೂ ಇಲ್ಲ, ಕೆಮ್ಮೂ ಇಲ್ಲ. ಗಿಟಾರಿನ ಉಸಿರೇ ನಿಂತುಹೋಯಿತು. ಅಷ್ಟರಲ್ಲಿ ಹಿಂದಿನಿಂದ ಕೀಬೋರ್ಡಿನವನು ತಲೆ ತಗ್ಗಿಸಿ ತನ್ನ ಗುಂಡಿ ಒತ್ತಿದ. ಗುಟುರು ಬೀದಿಯ ತುಂಬ ಹರಡಿತು.

ನಾನು ಕೈ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ, ಸತ್ತ ತಂತಿಗಳ ಮೇಲೆ ಬೆರಳಾಡಿಸಿದೆ. ಶಿಳ್ಳೆ ಬಿದ್ದವು. ಇನ್ನೊಮ್ಮೆ ಎಂದು ಕೂಗಿದರು. ಎರಡನೆಯ ಸಲವೂ ಬಾರಿಸಲಿಲ್ಲ, ಆದರೆ ಮೊದಲಿಗಿಂತ ಭಾವಪೂರ್ಣವಾಗಿ.

ಹಿರಿಯ ನೇಕಾರರೊಬ್ಬರು ಮೇಲೆ ಬಂದು ನನಗೆ ಶಾಲು ಹೊದಿಸಿದರು. "ಶಾನಾ ಬಾಗುಂದಿ ನಾಯನಾ! ಬೆರಳು ಲಾಳಿ ಓಡ್ದಂಗೆ ಓಡ್ತಾವಲ್ಲಪ್ಪ!" ಎಂದು ತೆಲುಗು ಬೆರೆಸಿ ಹೊಗಳಿ ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡರು. ಸೂಕ್ಷ್ಮ ಕೆಲಸ ಬಲ್ಲ ಕೈ ಅವರದು. ನಾನು ಶಾಲು ಸರಿಮಾಡಿಕೊಂಡು ಕೈಮುಗಿದೆ.

ವ್ಯಾನಿನಲ್ಲಿ ಕೀಬೋರ್ಡಿನವನು ಪಕ್ಕಕ್ಕೆ ಸರಿದು ಕೂತ. "ಚೆನ್ನಾಗ್ ಬಾರಿಸ್ದೆ ಕಣಲೇ. ಶಾಲು ಅರ್ಧ ಹರ್ದು ಕೊಡ್ತೀಯಾ?"

ಮಾರನೆಯ ದಿನ ಸಾಬರು ಪೆಡಲ್ ಬಿಚ್ಚಿದರು. ಒಳಗೊಂದು ನಟ್ಟು ಉರುಳಾಡುತ್ತಿತ್ತು. ಬಿಗಿದು ಕೊಟ್ಟರು. ನೀಲಿಯದನ್ನು ಅಷ್ಟರಲ್ಲಿ ಹಿರಿಯೂರಿನವರು ಯಾರೋ ಒಯ್ದಿದ್ದರು. ಕೆಂಪಿನದನ್ನೇ ಹಿಡಿದು ಮಂಡಿಗೆ ಹೋಗಿ, ಗೋದಾಮಿನ ಮೈಕ್‌ಸೆಟ್ಟಿಗೆ ಸಿಗಿಸಿ, ಯಜಮಾನರ ಎದುರು ಆ ತುಣುಕನ್ನು ಬಾರಿಸಿದೆ. ಮೊದಲ ಸಲ ನನ್ನ ಬೆರಳಿಂದಲೇ ಗುಟುರು ಹೊರಟಿತು. ಮೈ ಜುಮ್ಮೆಂದಿತು.

ಯಜಮಾನರು ಮೂಗು ಮುರಿದರು. "ಇದ್ಯಾಕೋ ಕರಕರ ಅಂತೈತೆ. ಮೊಳಕಾಲ್ಮೂರ್ನಾಗೆ ಬಾರಿಸ್ದಲ್ಲ, ಹಂಗೆ ಬಾರ್ಸಲೇ. ಅದು ಗಿಟಾರು!"

ಅದು ನಾನಲ್ಲ ಎಂದರೆ ಸೀಟು ಹೋಗುತ್ತಿತ್ತು.

"ಆಯ್ತಣ್ಣ," ಎಂದೆ.

ಮುಂದೆ ಮೂರು ಹಬ್ಬ ಅದೇ ಹಾಡಿಗೆ ನಾನು ಗಿಟಾರಿಗೆ ವೈರ್ ಸಿಗಿಸದೆ ನಿಂತೆ. ಬಾಯಿ ಮುಚ್ಚಿಕೊಂಡಿರಲೆಂದು ಕೀಬೋರ್ಡಿನವನಿಗೆ ಹೋದ ಊರಲ್ಲೆಲ್ಲ ಮಿರ್ಚಿ ಮಂಡಕ್ಕಿ ತಿನ್ನಿಸಿದೆ. ಪೆಡಲನ್ನು ಮಾತ್ರ ತಾಳಕ್ಕೆ ಸರಿಯಾಗಿ, ಒಂದು ದಿನವೂ ತಪ್ಪದೆ ಒತ್ತಿದೆ.