ಬುಟ್ಟಿಯಲ್ಲಿ ರೊಟ್ಟಿ ಇದ್ದವೋ ಇಲ್ಲವೋ

ನಾವು ಅಷ್ಟೆಲ್ಲ ಜಗಳವಾಡಿದ್ದು ಒಂದು ರೊಟ್ಟಿ ಬುಟ್ಟಿಗಾಗಿ. ಅದೂ ನಿಜವಾದ ಬುಟ್ಟಿಯಲ್ಲ, ಟಿವಿಯೊಳಗಿನದು.

ನಮ್ಮ ಕಡೆಯ ಮಾತಿನಲ್ಲೇ ಬರುವ ಒಂದು ಹಾಸ್ಯ ಧಾರಾವಾಹಿ ಇದೆ. ಅದರ ನಾಯಕ ಧಾರವಾಡದ ಹಳೆಯ ಓಣಿಯೊಂದರಲ್ಲಿ ಹೆಂಡತಿಯೊಡನೆ ಇರುವ ನಿವೃತ್ತ ಗುಮಾಸ್ತ. ಸಿನಿಮಾದವರು ನಮ್ಮ ಮಾತನ್ನು ಅಣಕಿಸಲಿಕ್ಕೆ ಮಾತ್ರ ಬಳಸುವುದನ್ನು ನೋಡಿ ನೋಡಿ ರೋಸಿಹೋಗಿದ್ದ ನಮಗೆ ಈ ಧಾರಾವಾಹಿ ಸಿಕ್ಕಿದ್ದೇ ಹಬ್ಬವಾಯಿತು. ಹುಬ್ಬಳ್ಳಿ-ಧಾರವಾಡದ ಅಭಿಮಾನಿಗಳೆಲ್ಲ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡೆವು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆದರೂ ಕಂತು ಮುಗಿದ ಕೂಡಲೇ ಬೀಗರ ಮನೆಯ ಸುದ್ದಿ ಮಾತಾಡುವಂತೆ ಶುರುವಾಗುತ್ತಿತ್ತು. ಎಲ್ಲರಿಗಿಂತ ಹೆಚ್ಚು ಬರೆಯುತ್ತಿದ್ದವಳು ನಾನು. ಕಚೇರಿಯಲ್ಲಿ ಯಾರೂ ಕೇಳದ ನನ್ನ ಮಾತನ್ನು ಅಲ್ಲಿ ಕೇಳುವವರಿದ್ದರು.

ಜಗಳ ಎಬ್ಬಿಸಿದ ದೃಶ್ಯ ಹೀಗಿತ್ತು. ಗುಮಾಸ್ತನ ಹೆಂಡತಿ ತವರಿಗೆ ಹೋಗಿದ್ದಾಳೆ. ಸರಿಯಾಗಿ ಊಟದ ಹೊತ್ತಿಗೆ ಹಳೆಯ ಪರಿಚಯದವನೊಬ್ಬ ಬರುತ್ತಾನೆ. ಗುಮಾಸ್ತ, "ಊಟಕ್ಕ ಏಳ್ರಿ" ಅನ್ನುತ್ತಾನೆ. ಬಂದವನು, "ಬ್ಯಾಡ್ರಿ, ಈಗ ಆಗೇತಿ" ಅನ್ನುತ್ತಾನೆ. ನಮ್ಮಲ್ಲಿ ಈ ಮೊದಲನೆಯ 'ಬ್ಯಾಡ್ರಿ'ಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಸಿದು ಸಾಯುತ್ತಿದ್ದರೂ ಹಾಗೆ ಅನ್ನಬೇಕು, ಅದು ರೀತಿ. ಮನೆಯವರು "ಅಂದ್ರ ಹೆಂಗ್ರಿ, ಒಂದ ರೊಟ್ಟಿ ತಿಂದ ಹೋಗ್ರಿ" ಎಂದು ಒತ್ತಾಯ ಮಾಡಬೇಕು. ಅತಿಥಿ ಇನ್ನೊಮ್ಮೆ ಕೊಸರಾಡಿ, ಕೈಕಾಲು ತೊಳೆದು ಕೂರಬೇಕು. ಆದರೆ ಈ ಗುಮಾಸ್ತ ಮೊದಲನೆಯ 'ಬ್ಯಾಡ್ರಿ'ಗೇ, "ಆತು ಹಂಗಾರ, ಹೋಗಿ ಬರ್ರಿ" ಅಂದು ಬಾಗಿಲು ಹಾಕಿಬಿಡುತ್ತಾನೆ. ಹಿನ್ನೆಲೆಯಲ್ಲಿ ಗೊಳ್ಳನೆ ನಗು. ಆಮೇಲೆ ಅವನು ಅಡುಗೆಮನೆಗೆ ಹೋಗಿ, ರೊಟ್ಟಿ ಬುಟ್ಟಿಯ ಮೇಲಿನ ಬಟ್ಟೆ ಎತ್ತಿ ಒಳಗೆ ನೋಡಿ, ಮತ್ತೆ ಮುಚ್ಚುತ್ತಾನೆ. ನಮಗೆ ಕಾಣುವುದು ಅವನ ಬೆನ್ನು ಮಾತ್ರ. ಅಲ್ಲಿಗೆ ಕಂತು ಮುಗಿಯಿತು.

ಬುಟ್ಟಿಯಲ್ಲಿ ರೊಟ್ಟಿ ಇದ್ದವೋ ಇಲ್ಲವೋ?

ಗುಂಪು ಎರಡಾಯಿತು. ಬುಟ್ಟಿ ತುಂಬಿತ್ತು, ಮುದುಕ ಜಿಪುಣ, ರೊಟ್ಟಿ ಉಳಿದವಲ್ಲ ಎಂದು ಖುಷಿಯಿಂದ ನೋಡಿಕೊಂಡ ಎಂದು ಒಂದು ಪಕ್ಷ. ಬುಟ್ಟಿ ಖಾಲಿ ಇತ್ತು, ಮಾನ ಉಳಿಸಿಕೊಳ್ಳಲು ಬಾಗಿಲು ಹಾಕಿದ ಎಂದು ಇನ್ನೊಂದು ಪಕ್ಷ. ಒಬ್ಬರು ಚಿತ್ರ ನಿಲ್ಲಿಸಿ ಬಟ್ಟೆ ಎಷ್ಟು ಉಬ್ಬಿದೆ ಎಂದು ಗೆರೆ ಹಾಕಿ ತೋರಿಸಿದರು. ಮತ್ತೊಬ್ಬರು, ಬೆನ್ನು ಅಲುಗಿದ್ದು ನಕ್ಕಿದ್ದಕ್ಕೋ ನಿಟ್ಟುಸಿರಿಗೋ ಎಂದು ದೊಡ್ಡ ಪುರಾಣವನ್ನೇ ಬರೆದರು. ಹಿಂದಿನ ಕಂತಿನಲ್ಲಿ ಹೆಂಡತಿ ಹಿಟ್ಟು ಬೀಸಿಸಿಕೊಂಡು ಬಂದಿದ್ದಳಲ್ಲ ಎಂದು ಸಾಕ್ಷಿ ತಂದವರೂ ಇದ್ದರು.

ನಾನು ತುಂಬಿದ ಬುಟ್ಟಿಯ ಕಡೆ. ಕಡೆ ಏನು, ಮುಂದಾಳು. ಖಾಲಿ ಬುಟ್ಟಿಯವರು ಮಾತಿಗೊಮ್ಮೆ 'ಪಾಪ' ಅನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. "ನಗೂ ಹೊತ್ತಿಗೆ ನಗ್ರಿ. ಎಲ್ಲಾದಕ್ಕೂ ಕಣ್ಣೀರ ಹಾಕಬ್ಯಾಡ್ರಿ. ಅವಾ ಶುದ್ಧ ಜಿಪುಣ" ಎಂದು ಬರೆದೆ. ಬಹಳ ಜನ ನಗುವ ಮುಖ ಒತ್ತಿದರು. ನನಗೆ ಹೆಮ್ಮೆಯಾಯಿತು.

ಮರುದಿನ ನನ್ನದೇ ಪಕ್ಷದ ಒಬ್ಬರು ಧ್ವನಿ ಸಂದೇಶ ಹಾಕಿದರು. ಧಾರವಾಡದವರು, ನನಗಿಂತ ಹಿರಿಯರು. ನಾವೆಲ್ಲ ಅವರನ್ನು ಅಕ್ಕಾರು ಎನ್ನುತ್ತಿದ್ದೆವು. ತವರುಮನೆಯವರು ಕಾಳಿನ ವ್ಯಾಪಾರದವರು ಎಂದು ಹಿಂದೆ ಹೇಳಿಕೊಂಡಿದ್ದರು. ತುಂಬು ನಗೆಯ ದನಿ.

"ಇಂಥಾ ಮಂದಿ ಖರೇನ ಇರ್ತಾರ್ರಿ. ನಮ್ಮ ಅಕ್ಕನ ಲಗ್ನದಾಗ ನಾವು ಹುಬ್ಬಳ್ಳಿಗೆ ಪತ್ರಿಕಿ ಕೊಡಾಕ ಹೋಗಿದ್ವಿ. ಕಮರಿಪೇಟ್ಯಾಗ ಒಬ್ಬಾಕಿ ಜಂಪರ ಹೊಲಿಯಾಕಿ ಇದ್ಲು. ಅಕ್ಕನ ಲಗ್ನದ ಜಂಪರ ಎಲ್ಲಾ ಅಕೀನ ಹೊಲಿದಾಕಿ. ಮಟಮಟ ಮಧ್ಯಾಹ್ನ. ಊಟಾ ಮಾಡ್ರಿ ಅಂದ್ಲು. ನಮ್ಮವ್ವ ರೀತಿಗೆ ಬ್ಯಾಡವಾ ಅಂದ್ಲು. ಅಷ್ಟ ಸಾಕು ನೋಡ್ರಿ, ಲಗೂನ ಕುಂಕುಮಾ ಹಚ್ಚಿ, ಹೋಗಿ ಬರ್ರಿ ಅಂದು ಬಾಗಲಾ ಹಾಕ್ಕೊಂಡಬಿಟ್ಲು! ದಾರಿ ತುಂಬ ನಕ್ಕಿದ್ದ ನಕ್ಕಿದ್ದು. ಇವತ್ತಿಗೂ ನಮ್ಮ ಮನ್ಯಾಗ ಯಾರರ ಖರ್ಚಿಗೆ ಕೈ ಹಿಡಿದ್ರ, ಏನಪಾ ಕಮರಿಪೇಟಿ ಮಾಡಾಕತ್ತಿ ಅಂತೀವಿ."

ಗುಂಪಿನ ತುಂಬ ನಗು. ಫೋನು ನನ್ನ ಕೈಯಲ್ಲಿ ಹಾಗೇ ಇತ್ತು. ರವಿಕೆ ಹೊಲಿಯುವ ಆ ಕಮರಿಪೇಟೆಯವಳು ನನ್ನ ಅವ್ವ.

ಆ ಮಧ್ಯಾಹ್ನ ಅವ್ವನ ಹಿಂದೆ ಸೀರೆ ಹಿಡಿದುಕೊಂಡು ನಾನು ನಿಂತಿದ್ದೆ. ಅಪ್ಪ ತಾರಿಹಾಳದ ಸಣ್ಣ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ. ಅದು ಬಾಗಿಲು ಹಾಕಿ ಬಹಳ ದಿನವಾಗಿತ್ತು. ಅವ್ವನ ಹೊಲಿಗೆ ಯಂತ್ರವೇ ಮನೆ ನಡೆಸುತ್ತಿತ್ತು. ಆ ದಿನ ಹಿಟ್ಟಿನ ಡಬ್ಬಿಯನ್ನು ಅವ್ವ ಬೆಳಿಗ್ಗೆಯೇ ಬೋರಲು ಹಾಕಿ ತಟ್ಟಿದ್ದಳು. ಬಂದವರ ಮೈಮೇಲೆ ಇಳಕಲ್ ಸೀರೆ, ಕೈಯಲ್ಲಿ ಅರಿಶಿನ ಹಚ್ಚಿದ ಪತ್ರಿಕೆ. ಅವರೊಡನೆ ಬಂದಿದ್ದ ಎರಡು ಜಡೆಯ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅವರು ಹೋದ ಮೇಲೆ ಅವ್ವ ಬಾಗಿಲಿಗೆ ಬೆನ್ನು ಕೊಟ್ಟು, ಸೆರಗು ಬಾಯಿಗೆ ಹಿಡಿದು ನಕ್ಕಳು. ಅತ್ತಳು ಎಂದು ಬರೆದರೆ ಕತೆ ಚೆನ್ನಾಗಿರುತ್ತಿತ್ತು, ಆದರೆ ನಕ್ಕಳು. "ಜಿಪುಣಿ ಅಂದ್ಕೋತ ಹೊಂಟಿರ್ತಾರ. ಅಂದ್ಕೊಳ್ಳಲಿ" ಅಂದು ಮತ್ತೆ ಯಂತ್ರದ ಮುಂದೆ ಕೂತಳು.

ಅವ್ವ ಈಗ ನನ್ನ ಮನೆಯಲ್ಲೇ ಇದ್ದಾಳೆ. ವಯಸ್ಸಾಗಿದೆ, ನಾಲಿಗೆ ಮಾತ್ರ ಹರಿತವಾಗೇ ಇದೆ. ಆ ಕಂತು ಮತ್ತೆ ಬಂದಾಗ ಅವಳ ಪಕ್ಕ ಕೂತು, ಏನೂ ಗೊತ್ತಿಲ್ಲದವಳಂತೆ ಕೇಳಿದೆ, "ಅವ್ವಾ, ಬುಟ್ಟ್ಯಾಗ ರೊಟ್ಟಿ ಅದಾವೋ ಇಲ್ಲೋ?"

"ಅದಾವ. ಇಲ್ಲದ ಏನ? ಜಿಪುಣ ಮುದಿಯಾ" ಅಂದಳು. ಟಿವಿಯ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.

ಅಷ್ಟಕ್ಕೇ ನಾನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಅವ್ವ ಏನು ಬಯಸಿದ್ದಾಳೆ ಎನ್ನುವುದನ್ನು ಅದಕ್ಕಿಂತ ಸ್ಪಷ್ಟವಾಗಿ ಹೇಳಿಸಿಕೊಳ್ಳಬೇಕಾಗಿರಲಿಲ್ಲ.

ಆ ಭಾನುವಾರ ಗುಂಪಿನವರು ಮೊದಲ ಸಲ ಒಟ್ಟಿಗೆ ಸೇರಿದೆವು, ಧಾರವಾಡದ ಒಂದು ಉದ್ಯಾನದಲ್ಲಿ. ಗಿರಮಿಟ್ಟು, ಮಿರ್ಚಿ ಭಜಿ, ಕೆಟಲಿನಲ್ಲಿ ಚಹಾ. ಮಾತು ಬುಟ್ಟಿಗೆ ಬರಲು ತಡವಾಗಲಿಲ್ಲ. ಅಕ್ಕಾರು ಎದ್ದು ನಿಂತು ಕಮರಿಪೇಟೆಯ ಕತೆಯನ್ನು ಅಭಿನಯಿಸಿಯೇ ತೋರಿಸಿದರು. ಅವ್ವನ ದನಿಯನ್ನು ಮೂಗಿನಲ್ಲಿ ತಂದರು. ಕುಂಕುಮ ಹಚ್ಚಿ ಅತಿಥಿಯನ್ನು ಭುಜ ಹಿಡಿದು ಹೊರಗೆ ತಿರುಗಿಸುವ ಅವಸರವನ್ನು ಕೈಯಲ್ಲಿ ಮಾಡಿ ತೋರಿಸಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ. ಯಾರೋ, "ಇನ್ನೊಮ್ಮಿ ಮಾಡ್ರಿ ಅಕ್ಕಾರ" ಅಂದರು. ಅವರು ಮತ್ತೆ ಮೂಗಿನ ದನಿ ತೆಗೆದರು. ನನ್ನ ಬಾಯಿ ನನ್ನ ಹಿಡಿತದಲ್ಲಿ ಉಳಿಯಲಿಲ್ಲ.

"ಅಕಿ ನಮ್ಮವ್ವ ರೀ. ಆವತ್ತ ಮನ್ಯಾಗ ಹಿಟ್ಟ ಇದ್ದಿದ್ದಿಲ್ಲ."

ಅಕ್ಕಾರ ಕೈ ಮೇಲೆತ್ತಿದ್ದು ಹಾಗೇ ನಿಂತಿತು. ಒಬ್ಬ ಹಿರಿಯರು ಚಹಾದ ಕಪ್ಪು ಕೆಳಗಿಟ್ಟು, "ಅಯ್ಯ, ಪಾಪ" ಅಂದರು. ನಿಜ ಹೇಳುತ್ತೇನೆ, ಆ 'ಪಾಪ' ನನಗೆ ಮೈ ಉರಿಸಲಿಲ್ಲ, ಹಿತವಾಯಿತು. ಎಲ್ಲರ ಕಣ್ಣು ನನ್ನ ಮೇಲಿತ್ತು. ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ಹಿಟ್ಟಿನ ಡಬ್ಬಿ, ಅಪ್ಪನ ಕಾರ್ಖಾನೆ, ಎಲ್ಲ ಹೇಳಿದೆ. ಬಾಗಿಲು ಹಾಕಿ ಅವ್ವ ಬಹಳ ಹೊತ್ತು ಅತ್ತಳು ಎಂದೂ ಸೇರಿಸಿದೆ. ಅಕ್ಕಾರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸಂಜೆಯ ಹೊತ್ತಿಗೆ ಗುಂಪಿನಲ್ಲಿ ಎಲ್ಲರೂ ಖಾಲಿ ಬುಟ್ಟಿಯ ಪಕ್ಷ ಸೇರಿದ್ದರು. ಸಾಲು ಸಾಲು ಕೈಮುಗಿದ ಚಿತ್ರಗಳು, 'ಆ ತಾಯಿಗೆ ಶರಣು' ಎಂಬ ಮಾತುಗಳು. ಒಂದೊಂದನ್ನೂ ಎರಡೆರಡು ಸಲ ಓದಿ ಮಲಗಿದೆ. ಅವ್ವನಿಗೆ ಒಂದು ಮಾತೂ ಹೇಳಲಿಲ್ಲ.

ನಾಲ್ಕು ದಿನ ಬಿಟ್ಟು ಅಕ್ಕಾರು ಹೇಳದೆ ಕೇಳದೆ ಮನೆಗೆ ಬಂದರು. ವಿಳಾಸ ಗುಂಪಿನವರ ಹತ್ತಿರ ಪಡೆದರಂತೆ. ಕೈಯಲ್ಲಿ ದೊಡ್ಡ ಚೀಲ. ಅದರಲ್ಲಿ ಎಳ್ಳು ಹಚ್ಚಿದ ಒಣ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಎಣ್ಣೆಗಾಯಿಯ ಡಬ್ಬಿ. ಅವ್ವ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಬಾಯಿ ಬಿಡುವ ಮೊದಲೇ ಅಕ್ಕಾರು ಚೀಲ ಇಳಿಸಿ, ಅವ್ವನ ಎರಡೂ ಕೈ ಹಿಡಿದುಕೊಂಡರು.

"ನಮಗ ಗೊತ್ತಿದ್ದಿಲ್ಲರಿ ಅವ್ವಾರ. ಅಕ್ಕನ ಲಗ್ನದ ಪತ್ರಿಕಿ ಕೊಡಾಕ ಬಂದಿದ್ದನ್ನ ನೆನಸಿ ಇಷ್ಟ ವರ್ಷ ನಕ್ಕೊಂತ ಬಂದೀವಿ. ಮನ್ಯಾಗ ಹಿಟ್ಟಿದ್ದಿಲ್ಲ, ನೀವು ಅಳಕೋತ ಕುಂತಿದ್ದಿರಿ ಅಂತ ನಿಮ್ಮ ಮಗಳು ಎಲ್ಲಾರ ಮುಂದ ಹೇಳಿದ್ರು. ನಮ್ಮನ್ನ ತಪ್ಪ ತಿಳಕೋಬ್ಯಾಡ್ರಿ."

ಅವ್ವನಿಗೆ ಯಾವ ದಿನ, ಯಾವ ಮನೆಯವರು ಎನ್ನುವುದೆಲ್ಲ ಆ ಮಾತಿನಲ್ಲೇ ತಿಳಿಯಿತು. ಅವಳು ಮೊದಲು ಚೀಲ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಬೀದಿಯಲ್ಲಿ ನಿಂತಾಗ ಮೈಮೇಲಿನ ಸೆರಗು ಯಾರೋ ಎಳೆದರೆ ಹೇಗೆ ನೋಡುತ್ತಾರೋ ಹಾಗೆ ನೋಡಿದಳು. ಅಲ್ಲಿಯೇ ನೆಲದೊಳಗೆ ಇಳಿದುಹೋದರೆ ಸಾಕು ಅನ್ನಿಸಿತು ನನಗೆ.

ಆಮೇಲೆ ಅವ್ವ ಕೈ ಬಿಡಿಸಿಕೊಂಡು, ಸೆರಗು ಸರಿಮಾಡಿಕೊಂಡು ನಕ್ಕಳು.

"ಯಾರ ಹೇಳಿದ್ರರಿ ನಿಮಗ? ಮನಿ ತುಂಬ ಇತ್ತು. ಹತ್ತ ಮಂದಿ ಬಂದಿದ್ರೂ ಸಾಲತಿತ್ತು. ನಾನ ಜಿಪುಣಿ ರೀ ಆವಾಗ, ಕೈ ಬಿಚ್ಚತಿದ್ದಿಲ್ಲ. ನನ್ನ ಮಗಳಿಗೆ ಸಣ್ಣಾಕಿದ್ದಾಗಿಂದ ಕತಿ ಕಟ್ಟೂ ಚಟ. ನೀವು ನಕ್ಕಿದ್ದ ಖರೇ ಐತಿ, ಇನ್ನೂ ನಗ್ರಿ."

ಅಕ್ಕಾರು ಅವ್ವನ ಮುಖ, ನನ್ನ ಮುಖ ನೋಡುತ್ತ ನಿಂತರು. ಯಾರ ಮಾತು ನಂಬಬೇಕೆಂದು ಅವರಿಗೆ ತಿಳಿಯಲಿಲ್ಲ. "ಖರೇ ಏನವಾ?" ಎಂದು ನನ್ನನ್ನು ಕೇಳಿದರು.

ಡಬ್ಬಿಯನ್ನು ಬೋರಲು ಹಾಕಿ ತಟ್ಟಿದ ಸದ್ದು ನನ್ನ ಕಿವಿಯಲ್ಲಿತ್ತು. "ಹೌದ್ರಿ. ರೊಟ್ಟಿ ಇದ್ದವು. ನಾನ ಸುಳ್ಳ ಹೇಳಿದೆ" ಅಂದೆ.

ಅವರ ಮುಖ ಬಿಗಿಯಿತು. ಅಷ್ಟು ಜನರ ಮುಂದೆ ತಮ್ಮನ್ನು ಅಳಿಸಿದವಳು ಇವಳೇನಾ ಎನ್ನುವಂತೆ ನೋಡಿದರು. ಅವ್ವ ಅವರನ್ನು ಹಾಗೇ ಬಿಡಲಿಲ್ಲ. ಬೇಡ ಬೇಡ ಎಂದರೂ ಕೂರಿಸಿ, ತಾನೇ ಎದ್ದು ನಮ್ಮ ಮನೆಯ ಚಪಾತಿ, ಪಲ್ಯ, ಮೊಸರು ಬಡಿಸಿದಳು. ಅವರು ತಂದ ಡಬ್ಬಿಗಳನ್ನು ಬಿಚ್ಚಲೇ ಇಲ್ಲ. "ಮನ್ಯಾಗ ಭಾಳ ಐತ್ರಿ, ಕೆಟ್ಟ ಹೋಗತಾವ" ಅಂದು ಚೀಲವನ್ನು ಅವರ ಕೈಗೇ ಕೊಟ್ಟು ಕಳಿಸಿದಳು. ಅಕ್ಕಾರು ಹೋಗುವಾಗ ನನ್ನ ಕಡೆ ನೋಡಲಿಲ್ಲ.

ಅವರು ಹೋದ ಮೇಲೆ ಬೈಗುಳಕ್ಕೆ ಕಾದು ನಿಂತೆ. ಅವ್ವ ಮತ್ತೆ ಅವರೆಕಾಯಿಯ ಮುಂದೆ ಕೂತಳು. ಸ್ವಲ್ಪ ಹೊತ್ತು ಸುಲಿದಳು. ಕಾಳು ಬಟ್ಟಲಿನ ಹೊರಗೆ ಬೀಳುತ್ತಿದ್ದವು.

"ಎಷ್ಟ ಮಂದಿ ಇದ್ರು?" ಎಂದು ಕೇಳಿದಳು.

"ಉದ್ಯಾನದಾಗ ಸ್ವಲ್ಪ ಮಂದಿ. ಗುಂಪಿನಾಗ ಭಾಳ ಮಂದಿ ಅದಾರ" ಅಂದೆ.

"ಅವರಿಗೆಲ್ಲಾ ಗೊತ್ತೈತಿ?"

"ಹೂಂ."

"ಮತ್ತ ಈಕಿ ಒಬ್ಬಾಕಿಗೆ ಸುಳ್ಳಂತ ಹೇಳಿದ್ರ ಮುಗೀತೇನ? ಎಲ್ಲಾರಿಗೂ ಹೇಳು. ನನ್ನ ಮುಂದನ ಹೇಳು."

ಮಾಡಿದ್ದನ್ನು ಮುಚ್ಚಲು ಇನ್ನೊಂದು ಸುಳ್ಳು ಹೇಳುವುದೇ ಎಂದು ನನಗೆ ಅನ್ನಿಸದಿರಲಿಲ್ಲ. ಗುಂಪಿನಲ್ಲಿ ನಾಳೆಯಿಂದ ನನ್ನ ಗತಿ ಏನು ಎಂದೂ ಅನ್ನಿಸಿತು. ಅದು ನೆನಪಾದದ್ದಕ್ಕೆ ಮತ್ತಷ್ಟು ನಾಚಿಕೆಯಾಯಿತು. ಫೋನು ತೆಗೆದು, ಧ್ವನಿ ಸಂದೇಶದ ಗುಂಡಿ ಒತ್ತಿ ಹಿಡಿದೆ. "ನಾ ಅವತ್ತ ಹೇಳಿದ್ದ ಸುಳ್ಳರಿ. ನಮ್ಮನ್ಯಾಗ ಹಿಟ್ಟಿತ್ತು, ರೊಟ್ಟೀನೂ ಇದ್ದವು. ನಮ್ಮವ್ವ ಅತ್ತಿಲ್ಲ. ಅಕಿ ಜಿಪುಣಿ ಇದ್ಲು, ಅಷ್ಟ" ಅಂದೆ. ಹೇಳಿದ್ದರಲ್ಲಿ ಖರೇ ಇದ್ದದ್ದು ಒಂದೇ ಮಾತು, ಅವ್ವ ಅತ್ತಿಲ್ಲ ಎನ್ನುವುದು.

ಅವ್ವ ಕೇಳಿಸು ಅಂದಳು. ಕೇಳಿಸಿದೆ. ಕಣ್ಣು ಮುಚ್ಚಿ, ತಲೆ ಸ್ವಲ್ಪ ಓರೆ ಮಾಡಿ, ಕೊನೆಯವರೆಗೆ ಕೇಳಿದಳು.

"ಜಿಪುಣಿ ಅನ್ನೂವಾಗ ದನಿ ಸಣ್ಣ ಮಾಡೀದಿ. ಮಂದಿ ನಂಬಂಗಿಲ್ಲ" ಅಂದಳು. "ಗಟ್ಟಿ ಹೇಳು, ಇನ್ನೊಮ್ಮಿ."

ನಾನು ಅದನ್ನು ಅಳಿಸಿ, ಗಂಟಲು ಸರಿಮಾಡಿಕೊಂಡು, ಮತ್ತೆ ಹೇಳಿದೆ.