ತೋಡಿನ ಮೀನಿಗೆ ಚಪ್ಪಲಿ

ಕಾಫಿ ಅರಳಿಸೋ ಹೂಮಳೆ ಈ ವರ್ಷವೂ ಕೈಕೊಟ್ಟಿತು. ಗುಡ್ಡದ ಮೇಲಿನ ಎಸ್ಟೇಟಿನವರು ತೋಡಿನ, ಅಂದರೆ ನಮ್ಮ ಸಣ್ಣ ಹಳ್ಳದ, ನೀರನ್ನೆಲ್ಲ ಸ್ಪ್ರಿಂಕ್ಲರಿಗೆ ಎಳೆದರು. ಕೆಳಗೆ ನಮ್ಮ ಕೂಲಿಯವರ ಲೈನ್ ಮನೆಗಳಲ್ಲಿ ಕುಡಿಯೋಕೂ ನೀರಿಲ್ಲ. ನನ್ನ ಬಾಯಿ ಜೋರು ಅಂತ ಲೈನಿನವರು ನೀರು ಕೇಳೋಕೆ ನನ್ನನ್ನೇ ಕಳಿಸಿದರು. ಮೋಟಾರ್ ಹತ್ತಿರ ಎಸ್ಟೇಟಿನ ಯಜಮಾನಿ ನಿಂತಿದ್ದರು.

"ಆಂಟಿ, ಕೆಳಗೆ ತೋಡಲ್ಲಿ ಮೀನೆಲ್ಲ ನಡ್ಕೊಂಡು ಓಡಾಡ್ತಿವೆ. ಕಾಲು ಸುಡುತ್ತಂತೆ, ಚಪ್ಪಲಿ ಕೇಳ್ತಿವೆ."

"ನಿಂಗೆ ಕೊಡ್ತೀನಿ ನೋಡು ಚಪ್ಪಲೀಲಿ!"

ನಾನು ಹಿಂದೆ ಸರಿದೆ. ಅವರು ಮಾತ್ರ ಬಗ್ಗಿ ಕೆಳಗೆ ಬತ್ತಿದ ತೋಡು ನೋಡಿ, ಮೋಟಾರ್ ಆಫ್ ಮಾಡಿದರು.

"ಇನ್ನು ಮಳೆ ನಂಬೋ ಹಾಗಿಲ್ಲ ಕಣೋ. ಬೆಳಿಗ್ಗೆ ನಮಗೆ, ಮಧ್ಯಾಹ್ನದ ಮೇಲೆ ನಿಮಗೆ. ದಿನಾ ನೀನೇ ಬಂದು ಆಫ್ ಮಾಡು."

ಸಂಜೆ ಅಮ್ಮನ ಕೊಡ ತುಂಬಿತು. ಆಂಟಿ ನೂರು ವರ್ಷ ಬಾಳಲಿ. ಒಂದೇ ಬೇಜಾರು, ದಿನಾ ಗುಡ್ಡ ಹತ್ತಿ ಇಳಿದು ಈಗ ನನ್ನ ಚಪ್ಪಲಿಯೇ ಸವೆದಿದೆ.