ಅಕ್ಕ ನೀರು ಕುಡಿದದ್ದು

ಮೊನ್ನೆ ರಾಮದುರ್ಗಕ್ಕೆ ತಂಗಿಯ ಮನೆಗೆ ಹೋದಾಗ ಅವಳ ಅತ್ತೆ ಕೂಸಿಗೆಂದು ಬಜಿ ತೇಯುತ್ತಿದ್ದರು. ಕಲ್ಲಿನ ಮೇಲೆ ಹಾಲು ಹನಿಸಿ ಆ ಬೇರು ತಿಕ್ಕಿದರೆ ಏಳುವ ಘಾಟು... ತೊರಗಲ್ ಕೋಟೆಯ ಬುರುಜಿನಂಥ ಮೂಗು ನನ್ನದು, ತಪ್ಪಿಸಿಕೊಂಡು ಹೋದೀತೆ? ಚಹಾ ಬಿಟ್ಟು ಹೊರಗೆ ಬಂದೆ. ಸಿಟ್ಟು ಬಂದಿತ್ತು. ಪಾಪ, ಆ ಅತ್ತೆಯ ಮೇಲಲ್ಲ.

ಆ ಘಾಟಿಗೆ ಮುನವಳ್ಳಿಯ ನಮ್ಮ ಮಗ್ಗಲ ಮನೆಯ ಅಕ್ಕ ನೆನಪಾಗಿದ್ದಳು; ಅವಳ ಕೂಸಿಗೂ ಇದನ್ನೇ ತೇಯುತ್ತಿದ್ದರು. ಎಪ್ಪತ್ತರ ಇಸವಿ ದಾಟಿದ ಒಂದು ಬೇಸಿಗೆ, ಈಗ್ಗೆ ಎಂಟು ವರ್ಷವಾಯಿತು, ನಾನು ಮ್ಯಾಟ್ರಿಕ್ ನಪಾಸಾಗಿ ಮನೆಯಲ್ಲಿ ಶೋಭಿಸುತ್ತಿದ್ದ ಕಾಲ. ಅವಳ ಚೊಚ್ಚಲ ಗಂಡುಕೂಸಿಗೆ ವಾಂತಿ-ಭೇದಿ ಹತ್ತಿ, ಬಾಡಿದ ಹೀರಿಕಾಯಿಯಂತಾಗಿತ್ತು. ನಮ್ಮ ಓಣಿಯಲ್ಲಿ ಮೊಲೆ ಕುಡಿಯುವ ಕೂಸಿಗೆ ಬೇನೆ ಬಂದರೆ ಪಥ್ಯ ತಾಯಿಗೆ. ತಾಯಿ ನೀರು ಕುಡಿದರೆ ಹಾಲು ನೀರಾಗುತ್ತದಂತೆ, ಭೇದಿ ಹೆಚ್ಚುತ್ತದಂತೆ. ಅತ್ತೆ ಸೊಸೆಗೆ ಒಣ ರೊಟ್ಟಿ ಕೊಟ್ಟು, ತುಟಿ ಒದ್ದೆಯಾಗುವಷ್ಟೇ ನೀರು ಕೊಡುತ್ತಿದ್ದಳು. ಆ ಬಿಸಿಲಿನಲ್ಲಿ!

ನೋಡಲು ಬಂದ ಹೆಂಗಸರು ಕೂಸಿಗಿಂತ ಮೊದಲು ಅವಳನ್ನೇ ವಿಚಾರಿಸಿಕೊಳ್ಳುತ್ತಿದ್ದರು. ಏನು ತಿಂದಿ, ಯಾವಾಗ ತಲೆ ತೊಳೆದಿ, ಯಾರೆದುರು ಎದೆಗೆ ಹಚ್ಚಿಕೊಂಡಿ... ಅವರು ಹೋದ ಮೇಲೆ ನಾನು ಟಾವೆಲ್ಲನ್ನು ಸೆರಗಿನಂತೆ ಹೊದ್ದು ಅವರ ಅಣಕ ಶುರು ಮಾಡುತ್ತಿದ್ದೆ: "ಎಂಟ ಹಡದೇನವಾ, ನಾಕ ಉಳದಾವ. ನನ್ನ ಮಾತ ಕೇಳ!"

"ನಗಸಬ್ಯಾಡೋ, ತುಟಿ ಒಡೀತಾವ" ಎಂದಳು ಅಕ್ಕ. ನಿಜಕ್ಕೂ ಒಡೆದು ರಕ್ತ ಜಿನುಗುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಅತ್ತೆ, ಕೂಸು ಹಿಂಗಿರುವಾಗ ನಗುವ ತಾಯಿಯನ್ನು ಇಲ್ಲಿಯೇ ಕಂಡೆ ಎಂದು ಗೊಣಗಿದಳು.

ಒಂದು ಮಧ್ಯಾಹ್ನ ಪಡಸಾಲೆಯ ತುಂಬ ಹೆಂಗಸರು. ಕೂಸು ಎದೆ ಚೀಪಿ ಚೀಪಿ ಬಿಟ್ಟಿತು, ಅಳಲೂ ಅದಕ್ಕೆ ಕಸುವಿರಲಿಲ್ಲ. ಅಕ್ಕ ಅದನ್ನು ಅತ್ತೆಯ ತೊಡೆಯ ಮೇಲಿಟ್ಟು ಎದ್ದಳು. ನೀರಿನ ಹರವಿಯಲ್ಲಿ ತಂಬಿಗೆ ಅದ್ದಿ ಗಟಗಟ ಕುಡಿದಳು. ಮತ್ತೆ ಅದ್ದಿದಳು. ಕುಪ್ಪಸವೆಲ್ಲ ತೊಯ್ದಿತು.

"ಕೂಸಿನ್ನ ಕೊಲ್ಲತೀ ಏನ?" ಎಂದಳು ಅತ್ತೆ.

"ಎದ್ಯಾಗ ಹಾಲ ಇಲ್ರಿ ಅತ್ತಿ. ಖಾಲಿ ಎದಿ ಚೀಪಾಕ ಹತ್ತೈತ್ರಿ ಅದು."

ಮರುದಿನಕ್ಕೆ ಎದೆ ತೊಟ್ಟಿಕ್ಕಿತು, ಕೂಸು ಗುಟುಕರಿಸಿತು, ಉಳಿಯಿತು. ಓಣಿಯ ತೀರ್ಪೇನು? ಅತ್ತೆಯ ಪಥ್ಯ ಗಟ್ಟಿ, ಸೊಸೆ ನಡುವೆ ಕೆಡಿಸಿದರೂ ಕೈಬಿಡಲಿಲ್ಲ! ಇದನ್ನು ಕೇಳುತ್ತಲೇ ಅಕ್ಕ ಎರಡು ವರ್ಷ ಬಾಳಿದಳು. ಮುಂದಿನ ಹೆರಿಗೆಯಲ್ಲಿ ಹೋಗಿಬಿಟ್ಟಳು...

ರಾಮದುರ್ಗದಿಂದ ಮರಳಿದವನೇ ಅಕ್ಕನ ಆ ಹುಡುಗನನ್ನು ಕರೆದೆ. ಈಗ ಸಾಲಿಗೆ ಹೋಗುತ್ತಾನೆ. ನಿಮ್ಮವ್ವನೇ ನಿನ್ನನ್ನು ಉಳಿಸಿಕೊಂಡಳು, ಗೊತ್ತೇನು ಎಂದೆ.

"ಇಲ್ಲ ಮಾಮಾ. ಅವ್ವ ನೀರ ಕುಡದು ನನ್ನ ಕೊಲ್ಲಾಕಿ ಇದ್ಲಂತ. ಆಯಿ ಉಳಸಿದ್ಲು." ಆಯಿ ಎಂದರೆ ಅದೇ ಅತ್ತೆ.

"ಯಾರ ಹೇಳಿದ್ರಲೇ?"

"ಎಲ್ಲಾರೂ."

ಅಲ್ಲ ಎನ್ನಲು ಅಕ್ಕ ಇಲ್ಲ. ನಾನೇ ಕೂಡ್ರಿಸಿಕೊಂಡು ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಸಿಟ್ಟಿಗೆ ದನಿ ನಡುಗಿತು. ಓಣಿಯವರ ಅಣಕ ಮಾಡಿ ದಿನಾ ನಗಿಸುವ ಮಾಮಾ ನಾನು; ಹುಡುಗ ಬಾಯಿ ಮುಚ್ಚಿಕೊಂಡು ನಗತೊಡಗಿದ. ನಾನು ಯಾರ ಅಣಕ ಮಾಡುತ್ತಿದ್ದೇನೆ ಎಂದು ಕೇಳಿದ.